ಎರಡೇ ಗಂಟೆ ದೂರದ ತಂಗಿ

ನನ್ನ ಮೊಬೈಲಿಗೆ ಒಂದು ಕೆಟ್ಟ ಅಭ್ಯಾಸವಿದೆ. ಒಂದು ಸಲ ಕೇಳಿದ್ದನ್ನು ಅದು ಮರೆಯುವುದಿಲ್ಲ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವ ನನ್ನಂಥವಳ ಕೈಗೆ ಇಷ್ಟು ಜ್ಞಾಪಕಶಕ್ತಿಯ ವಸ್ತುವನ್ನು ಕೊಡಬಾರದಿತ್ತು. ಬೆಳಗ್ಗೆ ಹಾಲು ಕಾಯಲು ಇಟ್ಟು, ಪಾಂಡವಪುರದ ಈ ಪುಟ್ಟ ಮನೆಯ ಅಡುಗೆಕಟ್ಟೆಗೆ ಅದನ್ನು ಒರಗಿಸಿ ನಿಲ್ಲಿಸಿದರೆ, ಟಿಂಗ್ ಎಂದು ಸದ್ದು ಮಾಡಿ ಕೇಳುತ್ತದೆ: ಬೆಂಗಳೂರಿನಿಂದ ರಾಯಪುರಕ್ಕೆ ಹೋಗುವ ಯೋಚನೆ ಇನ್ನೂ ಇದೆಯೇ? ದೂರ ಸಾವಿರ ಕಿಲೋಮೀಟರಿಗೆ ತುಸು ಕಮ್ಮಿ, ವಿಮಾನದಲ್ಲಿ ಎರಡು ಗಂಟೆ. ಕೆಳಗೆ ಎರಡು ಚುಕ್ಕಿ, ನಡುವೆ ಬಿಲ್ಲಿನ ಹಾಗೆ ಬಾಗಿದ ಒಂದು ಗೆರೆ, ಗೆರೆಯ ಮೇಲೆ ನೊಣದಷ್ಟು ದೊಡ್ಡ ವಿಮಾನ.

'ನೋ, ಥ್ಯಾಂಕ್ಯೂ' ಎನ್ನುತ್ತೇನೆ, ಗಟ್ಟಿಯಾಗಿಯೇ. ಮೆಷಿನ್ನಿಗೂ ಥ್ಯಾಂಕ್ಸ್ ಹೇಳುವುದು ಕಾನ್ವೆಂಟಿನಲ್ಲಿ ಅಂಟಿಕೊಂಡ ಕಾಯಿಲೆ. ಅದಕ್ಕೆ ಕೇಳಿಸುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಕೇಳುತ್ತದೆ.

ರಾಯಪುರದಲ್ಲಿ ಇಳಿದು ಕಾರಿನಲ್ಲಿ ಇನ್ನೊಂದಿಷ್ಟು ದೂರ ಹೋದರೆ ಭಿಲಾಯಿ. ಅಲ್ಲಿ ನನ್ನ ತಂಗಿ ಕಮಲ ಇದ್ದಳು. 'ಇದ್ದಳು' ಎಂದು ಬರೆಯುವುದು ಕೈಗೆ ಇನ್ನೂ ರೂಢಿಯಾಗಿಲ್ಲ. ಬರೆದ ಮೇಲೆ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ.

ನಮ್ಮಪ್ಪ ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುತ್ತಿದ್ದವರು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯ ಹತ್ತಿರ ಒಬ್ಬ ಆಫೀಸರರ ಹೆಂಡತಿ ಅವರನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರಂತೆ, ಇವರು ಗಾಡಿಯ ನೊಗ ಹಿಡಿದುಕೊಂಡು ಸುಮ್ಮನೆ ನಿಂತರಂತೆ. ಏನು ಕೇಳಿದರು ಎನ್ನುವುದು ಸಾಯುವ ತನಕ ಅವರಿಗೆ ಗೊತ್ತಾಗಲಿಲ್ಲ. ಆದರೆ ಆ ಜೂನಿನಲ್ಲೇ ನಮ್ಮಿಬ್ಬರನ್ನೂ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ತಂದು ಹಾಕಿದರು. ರಜೆಗೆ ಊರಿಗೆ ಬಂದರೆ ಜಗಲಿಯ ಮೇಲಿನ ಹೆಂಗಸರು ದಾರಿ ಅಡ್ಡಗಟ್ಟುತ್ತಿದ್ದರು. 'ಎಲ್ಲಿ, ಇಂಗ್ಲೀಸಲ್ಲಿ ಒಂದ್ ಮಾತಾಡಮ್ಮಿ, ಕೇಳವ.' ನಾನು ನಾಚಿಕೊಂಡು ಒಳಗೆ ಓಡುತ್ತಿದ್ದೆ. ಕಮಲ ನಿಂತು, ಹಾಸ್ಟೆಲ್ಲಿನಲ್ಲಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಒಪ್ಪಿಸಿ, 'ನಿಮ್ಮ ಎಮ್ಮೆಗೆ ಹುಲ್ಲು ಹಾಕಿ ಅಂದೆ' ಎಂದು ಅರ್ಥವನ್ನೂ ಹೇಳಿ ಬರುತ್ತಿದ್ದಳು.

ಆ ಕಾನ್ವೆಂಟಿನ ಜಾಗ್ರಫಿ ಸಿಸ್ಟರ್ ನಮಗೆ ಮ್ಯಾಪಿನಲ್ಲಿ ದೂರ ಅಳೆಯುವುದನ್ನು ಕಲಿಸಿದ್ದು ನೂಲಿನಿಂದ. ರೈಲುಹಾದಿಯಾದರೆ ಅದರ ಅಂಕುಡೊಂಕಿನ ಮೇಲೆ ನೂಲನ್ನು ಒತ್ತಿ ಒತ್ತಿ ಕೂರಿಸಿಕೊಂಡು ಹೋಗಬೇಕು, ಆಮೇಲೆ ನೆಟ್ಟಗೆ ಮಾಡಿ ಸ್ಕೇಲಿನ ಮೇಲಿಟ್ಟು ಮೈಲಿ ಎಣಿಸಬೇಕು. ಎರಡು ಊರಿನ ನಡುವೆ ಬಿಗಿಯಾಗಿ ಎಳೆದು ಹಿಡಿದರೆ ಅದು ಇನ್ನೊಂದು ದೂರ, ಕಾಗೆ ಹಾರುವ ದೂರ. 'ಆಸ್ ದ ಕ್ರೋ ಫ್ಲೈಸ್' ಎಂದು ಸಿಸ್ಟರ್ ಬೋರ್ಡಿನ ಮೇಲೆ ಬರೆದರು. ಕಮಲ ಕೈ ಎತ್ತಿದಳು. ನಮ್ಮೂರ ಕಾಗೆ ನೆಟ್ಟಗೆ ಹೋಗುವುದಿಲ್ಲ ಸಿಸ್ಟರ್, ಕಬ್ಬಿನ ಗದ್ದೆಯಲ್ಲಿ ಇಳಿಯುತ್ತದೆ, ಬೆಲ್ಲ ಮಾಡುವ ಆಲೆಮನೆಯ ಹತ್ತಿರ ಕೂರುತ್ತದೆ, ಎಮ್ಮೆಯ ಬೆನ್ನ ಮೇಲೆ ಸ್ವಲ್ಪ ದೂರ ಸವಾರಿ ಹೋಗುತ್ತದೆ, ಎಂದಳು. ಆಲೆಮನೆಗೆ ಇಂಗ್ಲಿಷ್ ಸಿಕ್ಕದೆ 'ಜ್ಯಾಗರಿ ಹೌಸ್' ಎಂದಳು. ಇಡೀ ಪೀರಿಯಡ್ ಬೆಂಚಿನ ಮೇಲೆ ನಿಂತಳು.

ನೂಲನ್ನು ಅವಳು ತನ್ನ ಯೂನಿಫಾರಮ್ಮಿನ ಲಂಗದಿಂದಲೇ ಕೀಳುತ್ತಿದ್ದಳು. ವರ್ಷದ ಕೊನೆಯ ಹೊತ್ತಿಗೆ ಲಂಗದ ಅಂಚು ಬಿಚ್ಚಿಕೊಂಡು ಒಂದು ಕಡೆ ಜೋತಾಡುತ್ತಿತ್ತು. ನಮ್ಮ ಅಟ್ಲಾಸು ಹಳೆಯದು, ಅದರಲ್ಲಿ ಪಾಂಡವಪುರದ ಹೆಸರು ಇನ್ನೂ ಫ್ರೆಂಚ್ ರಾಕ್ಸ್. ನಾನು ಫ್ರೆಂಚ್ ರಾಕ್ಸಿನಿಂದ ಮೈಸೂರಿಗೆ ಅಳೆಯುತ್ತಿದ್ದೆ, ಉತ್ತರ ಸರಿ ಬರುತ್ತದಲ್ಲ ಎಂದು. ಅವಳು ಫ್ರೆಂಚ್ ರಾಕ್ಸಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಟೋಕಿಯೋಗೆ. ಲಂಗ ಹಾಳಾಗದೆ ಇನ್ನೇನಾಗುತ್ತದೆ.

ಇಷ್ಟು ಅಳೆದವಳು ಕೊನೆಗೆ ಹೋಗಿದ್ದು ಭಿಲಾಯಿಗೆ. ಶ್ರೀರಂಗಪಟ್ಟಣದ ಹುಡುಗ, ಅಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. ಆಗ ರೈಲೊಂದೇ ದಾರಿ. ಎರಡು ರಾತ್ರಿ, ನಡುವೆ ಯಾವುದೋ ಜಂಕ್ಷನ್ನಿನಲ್ಲಿ ಟ್ರಂಕಿನ ಮೇಲೆ ಕೂತು ಅರ್ಧ ದಿನ. ಆದರೂ ಗೌರಿಹಬ್ಬಕ್ಕೆ ಅವಳು ಬಂದೇ ಬರುತ್ತಿದ್ದಳು. ಪಾಂಡವಪುರದ ಸ್ಟೇಷನ್ನಿನಲ್ಲಿ ಇಳಿದಾಗ ಇಂಜಿನ್ನಿನ ಮಸಿಯಿಂದ ಮುಖದಲ್ಲಿ ಕಣ್ಣೆರಡು ಮಾತ್ರ ಬೆಳ್ಳಗೆ. 'ಏನಮ್ಮಿ, ನಿನ್ ಗಂಡ ಇದ್ಲು ಮಾರಕ್ಕೆ ಕಳಿಸ್ತಾವ್ನಾ' ಎಂದು ನಮ್ಮಣ್ಣನ ಹೆಂಡತಿ ಜಯತ್ತಿಗೆ ಬಚ್ಚಲಿಗೆ ತಳ್ಳುತ್ತಿದ್ದರು. ಹಬ್ಬ ಮುಗಿಸಿ ಹೊರಡುವಾಗ ಅತ್ತಿಗೆಯೇ ಅವಳ ಮಡಿಲಿಗೆ ಅಕ್ಕಿ ಕಟ್ಟುತ್ತಿದ್ದರು. ಒಂದು ಕಾಳು ಚೆಲ್ಲದಂತೆ ಸೆರಗು ಬಿಗಿದುಕೊಂಡು ಅವಳು ರೈಲು ಹತ್ತುತ್ತಿದ್ದಳು.

ಆಮೇಲೆ ವಿಮಾನ ಬಂತು. ಫೋನಿನಲ್ಲಿ ಅವಳ ಖುಷಿಯೇ ಖುಷಿ. 'ಎರಡೇ ಗಂಟೆ ಕಣೇ ಅಕ್ಕ. ನೀನು ಕೆ.ಆರ್. ಪೇಟೆಗೆ ಬಸ್ಸಲ್ಲಿ ಹೋಗಿ ಬರೋಷ್ಟು ಹೊತ್ತು.' ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ ಇಂಗ್ಲಿಷ್ ಟೀಚರಾಗಿ ಆ ಬಸ್ಸುಗಳಲ್ಲಿ ಅರ್ಧ ಆಯುಷ್ಯ ಜೋತಾಡಿದವಳು ನಾನು. ಅಷ್ಟೇ ಹೊತ್ತಾದರೆ ಇನ್ನೇನು ಎಂದುಕೊಂಡೆ.

ಇನ್ನೇನು ಎಂದುಕೊಂಡಿದ್ದೇ ಬಂತು. ಎರಡು ರಾತ್ರಿಯ ದೂರವಿದ್ದಾಗ ವರ್ಷ ತಪ್ಪದೆ ಬಂದವಳು ಎರಡು ಗಂಟೆಯ ದೂರವಾದ ಮೇಲೆ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಅವಳ ಮಂಡಿನೋವು, ಅವಳ ಗಂಡನ ಲಕ್ವ, ನನ್ನ ಕಣ್ಣಿನ ಆಪರೇಷನ್ನು. ಎಲ್ಲವೂ ಸಣ್ಣ ಸಣ್ಣ ಅಡ್ಡಿಗಳೇ. ರೈಲಿನ ಕಾಲದಲ್ಲಿ ಇಂಥವು ಇರಲಿಲ್ಲವೇ? ಇದ್ದವು. ಆದರೆ ಆಗ ಎರಡು ತಿಂಗಳು ಮುಂಚೆ ಟಿಕೆಟ್ ಮಾಡಿಸಬೇಕಾಗಿತ್ತು, ಮಾಡಿಸಿದ ಮೇಲೆ ಹೊರಡಲೇಬೇಕಾಗಿತ್ತು. ಈಗ ಬೇಕೆಂದಾಗ ಹೊರಡಬಹುದು. ಬೇಕೆಂದಾಗ ಹೊರಡಬಹುದಾದ ಊರಿಗೆ ಯಾರು ತಾನೇ ಹೊರಡುತ್ತಾರೆ, ನೀವೇ ಹೇಳಿ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಕೆ.ಆರ್. ಪೇಟೆಯ ಪಕ್ಕದಲ್ಲೇ ಇದ್ದಾನೆ. ಅಲ್ಲಿ ಆರು ವರ್ಷ ಪಾಠ ಮಾಡಿಯೂ ನಾನು ಆ ಗುಡಿಯನ್ನು ನೋಡಿಲ್ಲ.

ಬರಲಾಗದಿದ್ದರೂ ತವರಿನದು ಹೋಗಬೇಕಲ್ಲ. ಗೌರಿಹಬ್ಬಕ್ಕೆ ಸೀರೆಯನ್ನು ನಾನು ಕೊರಿಯರಿನಲ್ಲಿ ಕಳಿಸತೊಡಗಿದೆ. ಒಂದು ವರ್ಷ ಹಸಿರು ಸೀರೆ, ಕೆಂಪು ಅಂಚು, ಅಂಚಿನ ಉದ್ದಕ್ಕೂ ರುದ್ರಾಕ್ಷಿ ಸಾಲು. ನನಗೇ ಅದರ ಮೇಲೆ ಆಸೆಯಾಗಿತ್ತು. ಉಟ್ಟು ಒಂದು ಫೋಟೋ ಕಳಿಸು ಎಂದೆ. 'ಬ್ಲೌಸ್ ಹೊಲಿಸಿಲ್ಲ ಕಣೇ' ಎಂದಳು. ಮುಂದಿನ ವರ್ಷ ಕೇಳಿದರೂ ಬ್ಲೌಸ್ ಹೊಲಿಸಿಲ್ಲ. ಅದರ ಮುಂದಿನ ವರ್ಷವೂ. ಭಿಲಾಯಿಯ ಟೈಲರುಗಳನ್ನೆಲ್ಲ ನಾನು ಇಲ್ಲಿ ಕೂತು ಬೈದೆ. ಆಮೇಲೆ ಕೇಳುವುದನ್ನು ಬಿಟ್ಟೆ.

ಹೋದ ಚಳಿಗಾಲದಲ್ಲಿ, ಕಬ್ಬು ಕಡಿಯುವ ದಿನಗಳಲ್ಲಿ, ಬೆಳಗಿನ ಕಾಫಿಯ ಹೊತ್ತಿಗೆ ಫೋನ್ ಬಂತು. ಅವಳ ಮಗಳು ಸುಮಾ.

'ದೊಡ್ಡಮ್ಮಾ, ಅಮ್ಮ ಎದ್ದೇಳಲಿಲ್ಲ.'

ನಾನು, ಎಬ್ಬಿಸು ಎಂದೆ. ಎಂಥ ಮಾತು ನೋಡಿ. ಅವಳು, 'ಇಲ್ಲ ದೊಡ್ಡಮ್ಮ, ಡಾಕ್ಟರ್ ಬಂದು ಹೋದರು. ನಿದ್ದೆಯಲ್ಲೇ ಆಗಿದೆ. ನೀವು ಬನ್ನಿ. ಎರಡೇ ಗಂಟೆ ಅಲ್ವಾ, ನಾವು ಕಾಯ್ತೀವಿ' ಎಂದಳು.

ಮೊಬೈಲಿನಲ್ಲಿ ನಾನು ದೂರ ಕೇಳಿದ್ದು ಆಗಲೇ. ಅದೊಂದೇ ಸಲ.

ನಮ್ಮ ಕಡೆ ಮುತ್ತೈದೆ ಹೋದರೆ ಕೊನೆಯ ಸೀರೆ ತವರಿನದು. ಗಂಡನ ಮನೆಯವರು ಎಂಥ ರೇಷ್ಮೆ ಹೊದಿಸಿದ್ದರೂ ಅದರ ಮೇಲೆ ತವರಿನ ಹಸಿರು ಸೀರೆ ಬೀಳಬೇಕು. ಮಡಿಲಿಗೆ ತವರಿನ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ. ಅದು ಬರುವ ತನಕ ಹೆಣ ಎತ್ತುವುದಿಲ್ಲ. ಎಷ್ಟೋ ಸಾವಿನ ಮನೆಗಳಲ್ಲಿ ನೆಂಟರೆಲ್ಲ ರಸ್ತೆಯ ಕಡೆ ಕುತ್ತಿಗೆ ಚಾಚಿಕೊಂಡು ಕೂತಿರುವುದನ್ನು ಕಂಡಿದ್ದೇನೆ, ಅವಳ ತವರಿನವರ ಆಟೋ ಬಂತಾ, ಬಸ್ಸು ಬಂತಾ ಎಂದು. ತವರಿನವರು ಬಂದರು ಎಂದರೆ ಗುಂಪು ತಾನಾಗಿ ದಾರಿ ಬಿಡುತ್ತದೆ. ಆ ದಾರಿಯಲ್ಲಿ ನಡೆದು ಹೋಗಬೇಕಾದವಳು ಈಗ ನಾನು.

ಕ್ಯಾತನಹಳ್ಳಿಗೆ ಫೋನ್ ಮಾಡಿದೆ. ಅಣ್ಣ ಇಲ್ಲ, ಹೋಗಿ ವರ್ಷಗಳಾದವು. ಜಯತ್ತಿಗೆ ಅತ್ತರು, ಮೂಗು ಒರೆಸಿಕೊಂಡರು, ಆಮೇಲೆ ಕೆಲಸಕ್ಕೆ ಬಂದರು.

'ಬರಿಗೈಲಿ ಓಗ್ಬ್ಯಾಡ ಕಣವ್ವ ಸರೋಜ. ಅಲ್ಲೇ ಎಲ್ಲಾರ ತಕಂಡ್ರಾಯ್ತು ಅನ್ಬ್ಯಾಡ. ಅಲ್ಲಿ ತಕಂಡಿದ್ದು ತವರಿಂದು ಎಂಗಾದದು? ಇಲ್ಲಿಂದ್ಲೇ ಓಗ್ಬೇಕು.'

'ಅತ್ತಿಗೆ, ನಾನು ಗಂಡ ಇಲ್ಲದವಳು. ನಾನು ತರಬಹುದಾ?'

'ಉಟ್ಟಿದ್ ಮೂವರಲ್ಲಿ ಉಳ್ದಿರೋಳು ನೀನೊಬ್ಳೆ. ಸೀರೆನ ಸ್ವಾಮಿ ಕೈಲಿ ಒದಿಸ್ಸು, ನೀನ್ ಪಕ್ಕದಲ್ ನಿಂತ್ಕ. ಯಾರೇನಂದಾರು.'

ಸ್ವಾಮಿ ಅವರ ಮಗ, ನನ್ನ ಸೋದರಳಿಯ. ಅವತ್ತು ಅವನ ಗದ್ದೆಯಲ್ಲಿ ಕಬ್ಬು ಕಡಿಯುವ ಸರದಿ. ವರ್ಷವಿಡೀ ಕಾದು ಬಂದ ಸರದಿಯನ್ನು ಹಾಗೇ ಬಿಟ್ಟು, ತಾಯಿ ಕಟ್ಟಿಕೊಟ್ಟ ಅಕ್ಕಿ ಕೊಬ್ಬರಿಯ ಜೊತೆ ಕಾರು ತೆಗೆದುಕೊಂಡು ಬಂದ. 'ಕಡಿಯೋರ್ನ ಮನೆಗೋಗಿ ಅಂದೆ ಕಣತ್ತೆ. ಕಬ್ಬು ಎಲ್ಲಿಗೋದದು, ಅಲ್ಲೇ ನಿಂತಿರ್ತದೆ.'

ಪೇಟೆಬೀದಿಯ ಸೀರೆ ಅಂಗಡಿ ಇನ್ನೂ ತೆರೆದಿರಲಿಲ್ಲ. ಅಂಗಡಿಯವರ ಮನೆ ಹಿಂದುಗಡೆ. ಬಾಗಿಲು ತಟ್ಟಿ ವಿಷಯ ಹೇಳಿದ ಮೇಲೆ ಅವರು ಹಲ್ಲುಜ್ಜುವುದನ್ನು ಬಿಟ್ಟು ಬೀಗದಕೈ ತಂದರು. ಇಂಥ ಸೀರೆಗೆ ಬಣ್ಣ ಆರಿಸುವಂತಿಲ್ಲ, ಚೌಕಾಸಿ ಮಾಡುವಂತಿಲ್ಲ, ಅವರೂ ನಾಲ್ಕು ಬಿಚ್ಚಿ ತೋರಿಸುವಂತಿಲ್ಲ. ಮೇಲಿನಿಂದ ಒಂದು ಹಸಿರು ಸೀರೆ ತೆಗೆದು ಮಡಿಕೆ ಬಿಚ್ಚದೆ ನನ್ನ ಕೈಗಿಟ್ಟರು. ಹೋಗಿ ಬನ್ನಿ ಎನ್ನಲಿಲ್ಲ.

ದಾರಿಯ ವಿಷಯಕ್ಕೆ ಸ್ವಾಮಿಯದೇ ತೀರ್ಮಾನ. 'ಶ್ರೀರಂಗಪಟ್ಣದ್ ಮೇಲ್ ಓದ್ರೆ ಬೆಂಗ್ಳೂರ್ ಒಳಗೆ ಸಿಕ್ಕಾಕತೀವಿ. ನಾಗಮಂಗ್ಲ, ಬೆಳ್ಳೂರ್ ಕ್ರಾಸ್ ಮೇಲೋಗಿ ಅಂಗೇ ಏರ್‌ಪೋರ್ಟ್ ಕಡೀಕ್ ತಿರೀಕಬುಡವ.' ಊರು ದಾಟುವುದರೊಳಗೆ ಮುಂದೆ ಒಂದು ಟ್ರಾಕ್ಟರು, ಅದರ ಹಿಂದೆ ಎರಡು ಟ್ರೇಲರು ಕಬ್ಬು, ರಸ್ತೆ ತುಂಬ ಗರಿ ಚಾಚಿಕೊಂಡು ಆಮೆಯ ಹಾಗೆ ಹೋಗುತ್ತಿತ್ತು. ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ತಿರುವಿನಲ್ಲಿ ಸ್ವಾಮಿ ಕಿಟಕಿಯಿಂದ ತಲೆ ಹಾಕಿದ.

'ಲೋ ಮಾದೇಸ, ಪಕ್ಕಕ್ ತಕಳ್ಳಾ. ನಮ್ ಕಮಲತ್ತೆ ತೀರ್ಕಬುಟ್ಟವ್ರೆ.'

ಮಾದೇಶ ಟ್ರಾಕ್ಟರನ್ನು ಪಕ್ಕಕ್ಕೆ ಹಾಕುವ ಬದಲು ನಿಲ್ಲಿಸಿಯೇ ಬಿಟ್ಟ. 'ಅಯ್ಯೋ ಪಾಪ. ಎಲ್ಲಣ್ಣ?'

'ಬಿಲಾಯಿ ಕಣ್ಲಾ.'

'ಅದ್ಯಾವ್ ತಾಲ್ಲೂಕಣ್ಣ?'

'ತಾಲ್ಲೂಕಲ್ಲ ಕಣ್ಲಾ. ಇಮಾನದಲ್ಲೋಗ್ಬೇಕು. ಎರಡ್ ಗಂಟೆ.'

'ಓ, ಅಂಗಾರೆ ಅತ್ರನೇ ಬುಡಣ್ಣ' ಎಂದು ಅವನು ಸಮಾಧಾನ ಹೇಳಿ ದಾರಿ ಕೊಟ್ಟ.

ನನಗೆ ನಗು ಬಂತು. ಮಡಿಲಲ್ಲಿ ತಂಗಿಯ ಸೀರೆ ಇಟ್ಟುಕೊಂಡು ನಕ್ಕೆ. ಕಮಲ ಇದ್ದಿದ್ದರೆ ಇದನ್ನು ಎಷ್ಟು ಚೆನ್ನಾಗಿ ಆಡಿ ತೋರಿಸುತ್ತಿದ್ದಳು ಎಂದು ಹೊಳೆದು ಆಮೇಲೆ ನಾಗಮಂಗಲ ಬರುವ ತನಕ ಅತ್ತೆ.

ಬೆಳ್ಳೂರು ಕ್ರಾಸಿನಲ್ಲಿ ಸ್ವಾಮಿ ಕಾರು ನಿಲ್ಲಿಸಿದ. ಹೆಣ ಎತ್ತುವ ತನಕ ನಾವು ಏನೂ ತಿನ್ನಬಾರದು. 'ಟೀ ಊಟ ಅಲ್ಲ ಕಣತ್ತೆ' ಎಂದು ಎರಡು ಪೇಪರ್ ಕಪ್ಪು ತಂದ. ಕುಡಿಯುತ್ತಿರುವಾಗ ಸುಮಾ ಟಿಕೆಟ್ ಕಳಿಸಿದಳು, ಹಿಂದೆಯೇ ಫೋನೂ ಮಾಡಿದಳು. ಎರಡು ಗಂಟೆಯ ವಿಮಾನ ದಿನಕ್ಕೆ ಒಂದೇ. ಅದು ಬೆಳಗ್ಗೆಯೇ, ನಾನು ಇಲ್ಲಿ ಕಾಫಿಗೆ ಹಾಲು ಕಾಯಿಸುತ್ತಿದ್ದ ಹೊತ್ತಿಗೇ ಹೊರಟುಹೋಗಿದೆ. ಇನ್ನು ಸಿಗುವುದು ಹೈದರಾಬಾದಿನಲ್ಲಿ ಇಳಿದು, ಕಾದು, ಇನ್ನೊಂದು ಹತ್ತಿ ಹೋಗುವುದು. 'ಸಂಜೆ ಬೆಳಕಿರುವಾಗಲೇ ಬಂದುಬಿಡ್ತೀರಿ ದೊಡ್ಡಮ್ಮ. ಅಲ್ಲಿ ತನಕ ಹೇಗೋ ಇಟ್ಟುಕೊಂಡಿರ್ತೀವಿ' ಎಂದಳು.

ಸ್ವಾಮಿ ಟೀ ಕಪ್ಪನ್ನು ಹಿಸುಕಿ ಬಿಸಾಡಿದ. 'ಅಂಗಾರೆ ಆ ಫೋನಲ್ಲಿ ಎರಡ್ ಗಂಟೆ ಅಂತ ಬರ್ದವ್ರಲ್ಲ, ಅದು ಯ್ಯಾರ್ಗೆ?'

ಜಾಗ್ರಫಿ ಸಿಸ್ಟರ್ ಇದ್ದಿದ್ದರೆ, ಕಾಗೆಗೆ ಎನ್ನುತ್ತಿದ್ದರೇನೋ.

ಏರ್‌ಪೋರ್ಟಿನ ಚೆಕಿಂಗಿನಲ್ಲಿ ನಮ್ಮ ಚೀಲ ನಿಂತಿತು. ಯೂನಿಫಾರಮ್ಮಿನ ಹುಡುಗಿ ಒಂದೊಂದಾಗಿ ಹೊರಗೆ ತೆಗೆದಳು. ಸೀರೆ ಸರಿ, ಅಕ್ಕಿ ಸರಿ, ಅರಿಶಿನ ಕುಂಕುಮದ ಪೊಟ್ಟಣವನ್ನು ಮೂಸಿ ನೋಡಿ ಅದೂ ಸರಿ ಎಂದಳು. ಕೊಬ್ಬರಿ ಬಟ್ಟಲು ಮಾತ್ರ ಆಗುವುದಿಲ್ಲ. ಅದರಲ್ಲಿ ಎಣ್ಣೆ ಇದೆ, ಬೆಂಕಿ ಹತ್ತಿಕೊಳ್ಳುತ್ತದೆ. ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷನ್ನು ಹೊರತೆಗೆದೆ. ಇದು ತಿನ್ನುವುದಕ್ಕಲ್ಲ ಮೈ ಡಿಯರ್, ನನ್ನ ತಂಗಿಯ ಮಡಿಲಿಗೆ, ಅವಳು ಇವತ್ತು ಬೆಳಗ್ಗೆ ತೀರಿಕೊಂಡಿದ್ದಾಳೆ, ಎಂದು ವ್ಯಾಕರಣ ಎಲ್ಲೂ ತಪ್ಪದ ಹಾಗೆ ಹೇಳಿದೆ. ಹುಡುಗಿಯ ಕಣ್ಣು ಮೆತ್ತಗಾಯಿತು. 'ಸಾರಿ ಮ್ಯಾಮ್' ಎಂದಳು. ಕೊಬ್ಬರಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಾಡದೆ, ಪಕ್ಕದ ಟ್ರೇಯಲ್ಲಿ ಮೆಲ್ಲಗೆ ಇಟ್ಟಳು. ಕ್ಯಾತನಹಳ್ಳಿಯ ಮರದ ಕೊಬ್ಬರಿ ಅಲ್ಲಿ ಲೈಟರುಗಳ ಮತ್ತು ಕತ್ತರಿಗಳ ನಡುವೆ ಉಳಿಯಿತು.

'ಅಲ್ಲಿ ಅತ್ತೆನ ಸುಡಕ್ಕೆ ಕರ್ಕಂಡೋಗ್ತಾವ್ರೆ, ಇಲ್ಲಿ ಬೆಂಕಿ ಅತ್ತದೆ ಅಂತ ಎದರ್ಕತಾವ್ರೆ' ಎಂದು ಸ್ವಾಮಿ ಗೊಣಗಿದ. ಆಮೇಲೆ ನನ್ನ ಮುಖ ನೋಡಿ ಚೀಲ ಎತ್ತಿಕೊಂಡ.

ಹೈದರಾಬಾದಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಗೇಟಿನ ಎದುರು ಕಬ್ಬಿಣದ ಕುರ್ಚಿಗಳಲ್ಲಿ ಕೂತೆವು. ಬೋರ್ಡಿನಲ್ಲಿ ರಾಯಪುರದ ಮುಂದೆ 'ಡಿಲೇಯ್ಡ್' ಎಂದು ಬಂತು. ಹೊಸ ಹೊತ್ತು ತೋರಿಸಿದರು, ಅದೂ ದಾಟಿತು. ಮತ್ತೊಂದು ತೋರಿಸಿದರು. ಗಾಜಿನ ಆಚೆ ವಿಮಾನಗಳ ನೆರಳು ಉದ್ದವಾಗುತ್ತಾ ಬಂತು. ಪಕ್ಕದಲ್ಲಿ ಒಬ್ಬರು ಸಮೋಸ ತಿನ್ನುತ್ತಿದ್ದರು, ಎದುರಿಗೆ ಒಂದು ಮಗು ಸೂಟ್‌ಕೇಸಿನ ಮೇಲೆ ಕುದುರೆ ಆಡುತ್ತಿತ್ತು. ನನ್ನ ತೊಡೆಯ ಮೇಲೆ ಸೀರೆ. ಅದನ್ನು ಕೆಳಗೆ ಇಡಬಾರದು ಎಂದು ಜಯತ್ತಿಗೆ ಹೇಳಿದ್ದರು.

ಸುಮಾ ಫೋನ್ ಮಾಡಿದಳು. 'ದೊಡ್ಡಮ್ಮಾ, ಗಾಡಿ ಬಂದು ನಿಂತು ತುಂಬಾ ಹೊತ್ತಾಯ್ತು. ಕತ್ತಲಾದ ಮೇಲೆ ಬೇಡ ಅಂತ ಎಲ್ಲರೂ ಹೇಳ್ತಿದಾರೆ. ಅಪ್ಪ ಏನೂ ಹೇಳ್ತಿಲ್ಲ. ನೀವು ಹೇಳಿ, ನಾನೇನು ಮಾಡಲಿ?'

ನಾನು ಬೋರ್ಡಿನ ಕಡೆ ನೋಡಿದೆ. ಸ್ವಾಮಿಯ ಕಡೆ ನೋಡಿದೆ. ಅವನು ಗಾಜಿನ ಕಡೆ ತಿರುಗಿಕೊಂಡ. ಹಿರಿಯಳು ನಾನು. ತವರು ಎಂದರೆ ಆ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕೂತ ನಾನೇ.

'ಕಾಯಬೇಡಿ' ಎಂದೆ.

'ಒಂದು ಸಲ ಮುಖ ತೋರಿಸ್ತೀನಿ ದೊಡ್ಡಮ್ಮ' ಎಂದು ಅವಳು ವಿಡಿಯೋ ಹಾಕಿದಳು. ಮೊದಲು ಛಾವಣಿ, ಫ್ಯಾನು, ಯಾರದೋ ಭುಜ. ಆಮೇಲೆ ಕಮಲ. ಕೆಳತುಟಿ ಸ್ವಲ್ಪ ಮುಂದೆ ಬಂದಿತ್ತು, ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸಿದಾಗ ಹಾಗೇ ಮಾಡಿಕೊಂಡಿರುತ್ತಿದ್ದಳು. ಹಣೆಯ ತುಂಬ ಕುಂಕುಮ. ಕುತ್ತಿಗೆಯವರೆಗೂ ಹೊದಿಸಿದ್ದು ಹಸಿರು ಸೀರೆ, ಕೆಂಪು ಅಂಚು, ಅಂಚಿನ ಉದ್ದಕ್ಕೂ ರುದ್ರಾಕ್ಷಿ ಸಾಲು.

'ಸುಮಾ, ಆ ಸೀರೆ...'

'ನೀವು ಕಳಿಸಿದ್ದೇ ದೊಡ್ಡಮ್ಮ. ಅಮ್ಮ ಉಡಲೇ ಇಲ್ಲ. ಮೂಲೆಗೆ ಅರಿಶಿನ ಹಚ್ಚಿ, ಕೊನೇ ಸಲ ಊರಿಗೆ ಬಂದಾಗ ಜಯತ್ತೆ ಮಡಿಲಿಗೆ ಕಟ್ಟಿದ್ದ ಅಕ್ಕಿ ಜೊತೆಯಲ್ಲಿ ಬೀರುವಿನಲ್ಲಿ ಇಟ್ಟಿದ್ದಳು. ಅಕ್ಕ ಹೊರಡ್ತಾಳೆ, ಆದರೆ ಹೊತ್ತಿಗೆ ಬರೋಕಾಗಲ್ಲ, ತವರಿನವರು ಬರಲಿಲ್ಲ ಅಂತ ಯಾರೂ ಅವಳನ್ನ ಅನ್ನಬಾರದು, ಇದನ್ನ ಹೊದಿಸು ಅಂತ ನನಗೆ ಹೇಳಿಟ್ಟಿದ್ದಳು.'

ನನಗೆ ಎರಡೇ ಗಂಟೆ ಎಂದು ಹೇಳುತ್ತಿದ್ದವಳು, ಮಗಳಿಗೆ ಇದನ್ನು ಹೇಳಿಟ್ಟಿದ್ದಳು.

ನಾವು ತಲುಪಿದಾಗ ಅಂಗಳ ತೊಳೆದಿದ್ದರು. ತಂಗಿಯ ಗಂಡ ಕುರ್ಚಿಯಲ್ಲಿ ಕೂತಿದ್ದರು, ಒಂದು ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡು ಏನಾದರೂ ಹೇಳಬೇಕಲ್ಲ ಎಂದು ಬಹಳ ಹೊತ್ತು ಕಷ್ಟಪಟ್ಟರು. ಕೊನೆಗೆ, ಬಂದವರನ್ನು ಯಾವಾಗಲೂ ಕೇಳುವುದನ್ನೇ ಕೇಳಿದರು.

'ಫ್ಲೈಟ್ ಎಷ್ಟು ಹೊತ್ತಾಯ್ತು?'

'ಎರಡು ಗಂಟೆ' ಎಂದೆ.

ಅವರು ತಲೆಯಾಡಿಸಿದರು.

ಸೀರೆಯನ್ನು ಏನು ಮಾಡುವುದು ಎಂದು ಅಲ್ಲಿ ಯಾರಿಗೂ ತೋಚಲಿಲ್ಲ. ಸತ್ತವರಿಗೆಂದು ತಂದದ್ದನ್ನು ಸುಮಾಗೆ ಕೊಡುವಂತಿಲ್ಲ. ಎತ್ತಿಕೊಂಡು ಬಂದೆ. ಕ್ಯಾತನಹಳ್ಳಿಯಲ್ಲಿ ಜಯತ್ತಿಗೆ ಬಾಗಿಲಲ್ಲೇ ತಡೆದರು. 'ಒಳೀಕ್ ತರ್ಬ್ಯಾಡ ಕಣವ್ವ, ಸವಕ್ಕೆ ತಂದಿದ್ದು.' ಅಂಗಡಿಗೆ ವಾಪಸ್ ಕೊಡುವಂತಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ತಿಳಿದು ತಿಳಿದು ಯಾರು ಉಡುತ್ತಾರೆ ಎಂದರು. ಜಗಲಿಯ ಮೇಲೆ ಅದನ್ನು ನಡುವೆ ಇಟ್ಟುಕೊಂಡು, ಹಾದಿಯಲ್ಲಿ ಸಿಕ್ಕಿದ ಮಗುವನ್ನು ಯಾರ ಮನೆಗೆ ಬಿಡುವುದು ಎಂದು ಯೋಚಿಸುವವರ ಹಾಗೆ ಕೂತಿದ್ದೆವು.

'ನನಗಿರಲಿ ಬಿಡಿ ಅತ್ತಿಗೆ' ಎಂದೆ. 'ನನಗೂ ಒಂದು ದಿನ ಬೇಕಾಗುತ್ತಲ್ಲ.'

ಜಯತ್ತಿಗೆ ಬೇರೆ ಕಡೆ ನೋಡಿದರು. 'ಅಸ್ರು ಸೀರೆ ಕಣವ್ವ ಅದು' ಎಂದರು. ಅಷ್ಟೇ.

ಹೌದು. ಗಂಡ ಹೋದವಳಿಗೆ ಹಸಿರು ಹೊದಿಸುವುದಿಲ್ಲ. ಎಷ್ಟು ಓದಿದರೂ ಎಷ್ಟು ಇಂಗ್ಲಿಷ್ ಕಲಿಸಿದರೂ ಇಂಥ ಕಡೆ ನಾನೂ ಬಾಯಿ ಮುಚ್ಚಿಕೊಂಡೇ ಕೂರುತ್ತೇನೆ.

ಕೊನೆಗೆ ಅತ್ತಿಗೆಯೇ ದಾರಿ ಹೇಳಿದರು. ಕಮಲಳ ಅಸ್ಥಿಯನ್ನು ಬಿಡುವುದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಅವಳ ಗಂಡನ ಮನೆಯವರದೆಲ್ಲ ಅಲ್ಲೇ. ಸುಮಾ ತರುತ್ತಾಳೆ. ಆಗ ಮಡಕೆಯ ಮೇಲಾದರೂ ಒಂದು ಗಳಿಗೆ ಈ ಸೀರೆ ಹೊದಿಸಿದರೆ ತವರಿನದು ಮುಟ್ಟಿದ ಹಾಗಾಯಿತು. ಅದಕ್ಕೆ ಎಲ್ಲರೂ ಒಪ್ಪಿದೆವು. ನಾನು ಅದೊಂದಕ್ಕೇ ಕಾದುಕೊಂಡಿದ್ದೆ ಎಂದರೂ ಸರಿ.

ಸುಮಾ ಬಂದಳು, ಬೆಳಗ್ಗೆ ಅಲ್ಲಿಗೆ ಹೋಗಿ ಮರಳುವ ಆ ಒಂದೇ ವಿಮಾನದಲ್ಲಿ, ತಾಯಿಯನ್ನು ತೊಡೆಯ ಮೇಲಿಟ್ಟುಕೊಂಡು. ಏರ್‌ಪೋರ್ಟಿನಿಂದಲೇ ಫೋನ್ ಮಾಡಿದಳು. 'ದೊಡ್ಡಮ್ಮಾ, ಇಳಿದೆವು. ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆಯೇ ತಂದುಬಿಟ್ಟ ಪೈಲಟ್.' ಮೊಬೈಲು ಹೇಳಿದ ಮಾತು ನನ್ನ ತಂಗಿಯ ಪಾಲಿಗೆ ಒಂದು ಸಲ ನಿಜವಾಯಿತು. ಮಂಡಿನೋವಿಲ್ಲದೆ, ಡಿಲೇ ಇಲ್ಲದೆ, ಎರಡು ಗಂಟೆಯಲ್ಲಿ ತವರಿನ ಕಡೆಗೆ ಬಂದಳು.

ಪಶ್ಚಿಮವಾಹಿನಿಯಲ್ಲಿ ಅವತ್ತು ಜನವೋ ಜನ. ಪುರೋಹಿತರಿಗಾಗಿ ನಮ್ಮ ಹಿಂದೆ ಇನ್ನೂ ನಾಲ್ಕು ಮನೆಯವರು ಕಾಯುತ್ತಿದ್ದರು. ಇಲ್ಲಿ ಕೂತ್ಕೊಳ್ಳಿ, ಅದು ಹಿಡ್ಕೊಳ್ಳಿ, ಈ ಕಡೆ ತಿರುಗಿ ಎಂದು ಅವರು ಅವಸರ ಮಾಡಿದರು. ನಾನು ಮೆಟ್ಟಿಲು ಇಳಿಯುವಾಗ ಜಾರದಂತೆ ಸ್ವಾಮಿ ಒಂದು ಕೈಯಲ್ಲಿ ನನ್ನನ್ನು ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಅವನ ತಾಯಿಯನ್ನು. ಸುಮಾ ನೀರಿಗೆ ಇಳಿದಳು. ಮಡಕೆಯ ಬಾಯಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿ ಬಗ್ಗಿಸಿದಳು. ಬೂದಿ ಒಂದು ಕ್ಷಣ ಅಲ್ಲೇ ಮೋಡದ ಹಾಗೆ ನಿಂತು, ಆಮೇಲೆ ನದಿಯ ಜೊತೆ ಹೊರಟಿತು. ಎಲ್ಲವೂ ಸರಿಯಾಗಿ ನಡೆಯಿತು, ಬೇಗ ನಡೆಯಿತು. ಮೆಟ್ಟಿಲು ಹತ್ತುವಾಗ ಜಯತ್ತಿಗೆ ಅರ್ಧದಲ್ಲಿ ನಿಂತರು.

'ಸರೋಜ' ಎಂದರು. 'ಸೀರೆ.'

ಸೀರೆ ಕಾರಿನ ಡಿಕ್ಕಿಯಲ್ಲಿತ್ತು. ಮೂವರೂ ಮರೆತಿದ್ದೆವು. ನಾನು ತಿರುಗಿ ನದಿಯ ಕಡೆ ನೋಡಿದೆ. ನೀರು ತಿಳಿಯಾಗಿತ್ತು.

ಸ್ವಾಮಿ, 'ಇರ್ಲಿ ಬುಡಿ ಅತ್ತೆ' ಎಂದ. ಸುಮಾಗಂತೂ ನಾವು ಏತಕ್ಕೆ ನಿಂತೆವೆಂದೇ ಗೊತ್ತಾಗಲಿಲ್ಲ. ಅವಳು ಮರುದಿನವೇ ಹೋದಳು.

ಸೀರೆ ಈಗ ನನ್ನ ಹತ್ತಿರ ಇದೆ. ನನ್ನ ಮನೆಯಲ್ಲಿ ಬೇಡ ಎನ್ನುವವರು ಯಾರೂ ಇಲ್ಲ. ನಿನ್ನೆ ಮೊಬೈಲು ಮತ್ತೆ ಟಿಂಗ್ ಎಂದಾಗ ನಾನು ನೋ, ಥ್ಯಾಂಕ್ಯೂ ಎನ್ನಲಿಲ್ಲ. ಒಳಗೆ ಹೋಗಿ ಆ ಹಳೆಯ ಅಟ್ಲಾಸನ್ನು ತೆಗೆದೆ. ಟೀಚರಾಗಿದ್ದಷ್ಟು ವರ್ಷವೂ ಜೊತೆಯಲ್ಲಿ ಸುತ್ತಿದ ಪುಸ್ತಕ, ಬೆನ್ನು ಬಿಟ್ಟುಹೋಗಿದೆ. ಸೀರೆಯ ಸೆರಗಿನ ತುದಿಯಿಂದ ಒಂದು ಹಸಿರು ನೂಲನ್ನು ಮೆಲ್ಲಗೆ ಎಳೆದುಕೊಂಡೆ. ಒಂದು ತುದಿಯನ್ನು ಫ್ರೆಂಚ್ ರಾಕ್ಸಿನ ಮೇಲೆ ಉಗುರಿನಿಂದ ಒತ್ತಿ ಹಿಡಿದು, ರಾಯಪುರದ ತನಕ ಬಿಗಿಯಾಗಿ ಎಳೆದೆ. ಕಿರುಬೆರಳಿನಷ್ಟೂ ಆಗಲಿಲ್ಲ. ಆಮೇಲೆ ನಾವು ಹೋದ ದಾರಿಯಲ್ಲೇ ಕೂರಿಸಿ ನೋಡಿದೆ: ನಾಗಮಂಗಲ, ಬೆಳ್ಳೂರು, ಬೆಂಗಳೂರು, ಹೈದರಾಬಾದು. ಆಗಲೂ ಕಿರುಬೆರಳು ದಾಟಿತೋ ಇಲ್ಲವೋ.

ಅಷ್ಟಕ್ಕೆ ನೂಲನ್ನು ಕತ್ತರಿಸಿಕೊಂಡೆ. ಉಳಿದ ಸೀರೆ ಮಡಿಕೆ ಬಿಚ್ಚದೆ ಹಾಗೇ ಇದೆ.